ಎಣ್ಣೆ ಕುಡಿದ ಪಚ್ಚೆ

ಆ ಅಂಗಡಿಯಲ್ಲಿ ಪಚ್ಚೆ ಎಂದರೆ ಪಚ್ಚೆ ಅಲ್ಲ. ಪ್ಯಾಸ್ಕಲ್ ಎಂಬ ಹರಳು ಕೆಲಸದವನ ಹೆಸರು ಮಣ್ಣುಪಾಲಾದದ್ದು ಇಷ್ಟರಿಂದಲೇ. ಹಾಗಾಗಿ ಇದನ್ನು ಮೊದಲು ಹೇಳಿಬಿಡಬೇಕು.

ಅಂಗಡಿ ಇರುವುದು ನೈರೋಬಿಯ ಹೈರಿಡ್ಜ್‌ನಲ್ಲಿ, ಒಂದು ಮಿಠಾಯಿ ಅಂಗಡಿಗೂ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೂ ನಡುವೆ, ಕಬ್ಬಿಣದ ಜಾಲರಿ ಬಾಗಿಲಿನ ಹಿಂದೆ. ಮಾಲೀಕ ರಾಮಚಂದ್ರ. ಬೆಂಗಳೂರಿನ ಚಿನ್ನದಂಗಡಿಗಳ ನಗರ್ತಪೇಟೆಯಲ್ಲಿ ಹುಟ್ಟಿ ನೈರೋಬಿಯಲ್ಲಿ ಕೂದಲು ನರೆಸಿಕೊಂಡವನು. ಅಲ್ಲಿಯ ಕನ್ನಡಿಗರ ಯುಗಾದಿ ಕಾರ್ಯಕ್ರಮಕ್ಕೆ ದೀಪ ಹಚ್ಚಲು ಇವನನ್ನೇ ಕರೆಯುತ್ತಾರೆ. ಕೆನ್ಯಾದ ನೆಲದಲ್ಲಿ, ವೋಯ್ ಪಟ್ಟಣದ ಆಚೆಯ ಗಣಿಗಳಲ್ಲಿ, ಸಾವೊರೈಟ್ ಎಂಬ ಹಸಿರು ಹರಳು ಸಿಗುತ್ತದೆ. ಒಳ್ಳೆಯ ಕಲ್ಲು, ಮರ್ಯಾದಸ್ಥ ಕಲ್ಲು. ಮಣ್ಣಿನಿಂದ ಹೇಗೆ ಬಂತೋ ಹಾಗೆಯೇ ಸಾಣೆ ಹಿಡಿದರೆ ಸಾಕು, ಹೊಳೆಯುತ್ತದೆ. ಆದರೆ ಅದು ಪಚ್ಚೆಯಲ್ಲ, ಬೇರೆ ಜಾತಿ. ನವರತ್ನದ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ನಮ್ಮ ಜನಕ್ಕೆ ಬೇಕಾದದ್ದೋ ಪಚ್ಚೆ. ಊರಿನ ಜೋಯಿಸರು ಫೋನಿನಲ್ಲಿ, ಬುಧ ಕೈಕೊಟ್ಟಿದ್ದಾನೆ, ಕಿರುಬೆರಳಿಗೆ ಪಚ್ಚೆ ಹಾಕಿಸಿ ಎಂದಿರುತ್ತಾರೆ. ಗಿರಾಕಿ ಬಂದು ಪಚ್ಚೆ ಕೇಳಿದರೆ ರಾಮಚಂದ್ರ ಸಾವೊರೈಟ್ ತೆಗೆದು ವೆಲ್ವೆಟ್ ಬಟ್ಟೆಯ ಮೇಲೆ ಇಡುತ್ತಿದ್ದ.

"ಇದು ಆಫ್ರಿಕಾ ಪಚ್ಚೆ ಸರ್. ಈ ನೆಲದ್ದು. ಈ ನೆಲದಲ್ಲಿ ಇರೋರಿಗೆ ಇದೇ ಕೆಲಸ ಮಾಡೋದು. ಅಲ್ಲಿಯ ಪಚ್ಚೆ ಅಲ್ಲಿಯ ಬುಧನಿಗೆ."

ಮೂಳೆ ಡಾಕ್ಟರು ನಂಬಿದರು. ಭೌತಶಾಸ್ತ್ರ ಕಲಿಸುವ ಲೆಕ್ಚರರು ನಂಬಿದರು. ಆಕಾಶದಲ್ಲಿ ಬುಧ ಒಬ್ಬನೇ ಎಂದು ಯಾರಿಗೂ ಹೊಳೆಯಲಿಲ್ಲ. ಸುಳ್ಳಿನ ಗುಣ ಗೊತ್ತಲ್ಲ, ಗಿರಾಕಿಗೆಂದು ಮುಂದಿನ ಕೋಣೆಯಲ್ಲಿ ಹೇಳಿದ್ದು ಮೆಲ್ಲಗೆ ಹಿಂದಿನ ಕೋಣೆಗೂ ನಡೆದು ಬರುತ್ತದೆ. ಹಿಂದಿನ ಕೋಣೆ ಎಂದರೆ ಕಾರ್ಖಾನೆ. ಅಲ್ಲಿ ಹರಳು ಕತ್ತರಿಸಿ ಕೂರಿಸುವ ಪ್ಯಾಸ್ಕಲ್, ಪಾಲಿಶ್ ಹಿಡಿಯುವ ಕೆನ್ಯಾದವ ಡೇವಿಡ್ ಮುಟುವಾ, ಇಬ್ಬರೇ. ಅಲ್ಲಿಯೂ ಸಾವೊರೈಟಿನ ಹೆಸರು ಪಚ್ಚೆ ಎಂದೇ ಆಯಿತು. ಕನ್ನಡದ ಗಂಧವಿಲ್ಲದ ಡೇವಿಡ್ ಕೂಡ ಬೆಳಿಗ್ಗೆ ಬಂದವನೇ, "ಪಚ್ಚೆ ಸವಾ?" ಎಂದು, ಪಚ್ಚೆ ಸರಿಯಿದೆಯಾ ಎಂದು, ಸ್ವಾಹಿಲಿ ಬೆರೆಸಿ ಕೇಳುತ್ತಿದ್ದ. ಪ್ಯಾಸ್ಕಲ್‌ಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಅವನು ಮಂಗಳೂರಿನ ಹತ್ತಿರದ ಬಜ್ಪೆಯವನು. ಅಲ್ಲಿಯ ತುಳುವಿನಲ್ಲಿ ಪಚ್ಚೆ ಎಂದರೆ ಬರೀ ಹಸಿರು. ಎಲೆಯೂ ಪಚ್ಚೆ, ಅಂಗಿಯೂ ಪಚ್ಚೆ.

ಪ್ಯಾಸ್ಕಲ್ ಈ ಕಸುಬಿಗೆ ಬಂದದ್ದೇ ಒಂದು ವಿಚಿತ್ರ. ಕ್ರಿಸ್ತಾನರ ಹುಡುಗರು ಬೇಕರಿಗೆ ಹೋಗುತ್ತಿದ್ದರು, ದುಬೈಗೆ ಹೋಗುತ್ತಿದ್ದರು, ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದರು. ಇವನು ಮಂಗಳೂರಿನಲ್ಲಿ ಒಬ್ಬ ಅಕ್ಕಸಾಲಿ ಆಚಾರ್ರ ಅಂಗಡಿಯಲ್ಲಿ ಕೂತ. "ನಮ್ಮ ಜಾತಿಯವರಿಗೇ ಇದು ಬೇಡ, ನಿನಗೆಂತ ಹುಚ್ಚು ಮಾರಾಯಾ" ಎಂದು ಆಚಾರ್ರೇ ಕೇಳಿದ್ದರಂತೆ. ಅಲ್ಲಿ ಕಲ್ಲು ಕೂರಿಸುವುದನ್ನು ಕಲಿತು, ಕತ್ತರಿಸುವುದನ್ನು ಕಲಿಯಲು ಜೈಪುರಕ್ಕೆ ಹೋದ. ಜೈಪುರದ ಗಲ್ಲಿಗಳಲ್ಲಿ ಮನೆಮನೆಯೂ ಸಾಣೆ. ಅಪ್ಪ ಚಕ್ರದ ಮುಂದೆ, ಮಗ ಚಕ್ರದ ಮುಂದೆ, ಗೋಡೆ ಮೇಲೆಲ್ಲ ಹಸಿರು ಕೆಸರಿನ ಚಿಮ್ಮು. ಆ ಊರಿನಲ್ಲಿ ಅವನು ವರ್ಷಗಟ್ಟಲೆ ನಿಜವಾದ ಪಚ್ಚೆಯನ್ನೇ ಮುಟ್ಟಿದ್ದ. ರಾಮಚಂದ್ರ ಅಲ್ಲಿಂದಲೇ ಅವನನ್ನು ಕರೆತಂದದ್ದು. ಆಮೇಲೆ ಮಂಗಳೂರಿನ ಸೆಲಿನ್ ಹೆಂಡತಿಯಾಗಿ ಬಂದಳು, ನೈರೋಬಿಯಲ್ಲೇ ಜೊಯ್ಲಿನ್ ಹುಟ್ಟಿದಳು. ವಿಮಾನ ನಿಲ್ದಾಣದ ಹತ್ತಿರ, ಎಂಬಕಸಿಯ ಫ್ಲ್ಯಾಟಿನಲ್ಲಿ ಸಂಸಾರ. ತಲೆಯ ಮೇಲೆ ದಿನವಿಡೀ ವಿಮಾನಗಳು ಇಳಿಯುತ್ತವೆ. ಅವು ತಮಗಲ್ಲ ಎಂಬಂತೆ ಮೂವರೂ ಬದುಕಿದರು.

ಊರಿನಲ್ಲಿ ಅವರಿಗೆ ಏನೂ ಉಳಿದಿಲ್ಲ. ಇಲ್ಲಿ ಇರಲು ಕೆಲಸದ ಪರ್ಮಿಟ್ ಬೇಕು, ಪರ್ಮಿಟ್ ಮುಂದುವರಿಯಲು ಮಾಲೀಕನ ಸಹಿ ಬೇಕು. ಈ ಸಲ ಅದರ ಗಡುವು ಬಂದಾಗ ಜೊಯ್ಲಿನ್ ಶಾಲೆಯ ಕೊನೆಯ ವರ್ಷದಲ್ಲಿದ್ದಳು. ಲವೀನಾ ಬಾಯಿಯ ಉಂಗುರ ಅಂಗಡಿಗೆ ಬಂದದ್ದು ಅದೇ ಹೊತ್ತಿಗೆ.

ಲವೀನಾ ಸಿರಿವಂತರ ಬಡಾವಣೆಯಾದ ಮುಥೈಗಾದವಳು. ಗಂಡನದು ಲಾರಿಗಳ ವ್ಯವಹಾರ. ಇವಳೂ ಮಂಗಳೂರಿನ ಕ್ಯಾಥೊಲಿಕಳೇ. ತಿಂಗಳಿಗೊಮ್ಮೆ ನಡೆಯುವ ಕೊಂಕಣಿ ಪೂಜೆಗೆ ಪ್ಯಾಸ್ಕಲ್ ಕುಟುಂಬವೂ ಅವಳೂ ಬರುವುದು ಒಂದೇ ಇಗರ್ಜಿಗೆ. ಅವಳು ಮೊದಲ ಸಾಲು, ಇವರು ಹಿಂದೆ. ತನ್ನ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಅವಳು ರಾಮಚಂದ್ರನಿಂದ ಒಂದು ಪಚ್ಚೆಯುಂಗುರ ಕೊಂಡಿದ್ದಳು. ಆಫ್ರಿಕಾ ಬುಧನ ಕಥೆ ಇವಳ ಹತ್ತಿರ ನಡೆಯಲಿಲ್ಲ. ಇಂಟರ್‌ನೆಟ್ ಓದಿಕೊಂಡೇ ಬಂದಿದ್ದಳು. "ನನಗೆ ಆಫ್ರಿಕಾ ಗೀಫ್ರಿಕಾ ಬೇಡ. ಒರಿಜಿನಲ್ ಎಮರಾಲ್ಡ್ ಬೇಕು, ಎಣ್ಣೆ ಹಾಕದೇ ಇರೋದು" ಎಂದಳು. ರಾಮಚಂದ್ರ ದುಬೈನಿಂದ ಸಿದ್ಧ ಉಂಗುರವನ್ನೇ ತರಿಸಿ, "ಒಂದು ತೊಟ್ಟು ಎಣ್ಣೆ ಮುಟ್ಟಿಲ್ಲ ಮೇಡಂ" ಎಂದು ಕೊಟ್ಟ. ಅದು ಕಾರ್ಖಾನೆಯ ಕೋಣೆಗೆ ಬಂದಿರಲೇ ಇಲ್ಲ. ಪ್ಯಾಸ್ಕಲ್ ಅದನ್ನು ನೋಡಿದ್ದರೆ ದೂರದಿಂದ, ಇಗರ್ಜಿಯಲ್ಲಿ.

ಈ ಎಣ್ಣೆಯ ವಿಷಯ ಓದುವವರಿಗೆ ತಿಳಿದಿರಬೇಕು. ನಿಜವಾದ ಪಚ್ಚೆ ಹುಟ್ಟುವುದೇ ಬಿರುಕುಗಳ ಜೊತೆ. ವ್ಯಾಪಾರಿಗಳು ಅದನ್ನು ಬೆಚ್ಚಗಿನ ಎಣ್ಣೆಯಲ್ಲಿ ನೆನೆಸುತ್ತಾರೆ. ಎಣ್ಣೆ ಬಿರುಕಿನೊಳಗೆ ಇಳಿದು ಕೂರುತ್ತದೆ, ಬಿರುಕು ಕಣ್ಣಿಗೆ ಕಾಣುವುದಿಲ್ಲ. ಹೇಳಿ ಮಾರಿದರೆ ಇದು ಮೋಸವಲ್ಲ, ಲೋಕವೆಲ್ಲ ಮಾಡುವುದೇ. ಹೇಳದೆ ಮಾರಿದರೆ ಅದಕ್ಕೆ ಏನೆನ್ನಬೇಕು ಎಂದು ನಿಮಗೂ ಗೊತ್ತು.

ಯಾರದೋ ಮನೆಯಲ್ಲಿ ರೋಸ್ ಇತ್ತು. ಮದುವೆಗೆ ಮುಂಚೆ ಮದುಮಗಳಿಗೆ ನೆಂಟರೆಲ್ಲ ತೆಂಗಿನಹಾಲು ಹಚ್ಚಿ ಸ್ನಾನ ಮಾಡಿಸುವ ಶಾಸ್ತ್ರ ಅದು. ಲವೀನಾ ಉಂಗುರ ತೆಗೆಯದೆಯೇ ಹಾಲು ಹಚ್ಚಿದಳು. ತೆಂಗಿನಹಾಲು ಕಲ್ಲಿನ ಮೇಲೂ ಸಂದುಗಳಲ್ಲೂ ಹೆಪ್ಪುಗಟ್ಟಿ ಒಣಗಿ ಬೆಳ್ಳಗೆ ಪೊರೆಯಾಯಿತು. ತೊಳೆಸಲೆಂದು ಅಂಗಡಿಗೆ ಕೊಟ್ಟು, ಪಕ್ಕದಲ್ಲೇ ಹಲ್ಲು ತೋರಿಸಲು ಹೋದಳು.

ರಾಮಚಂದ್ರ ಫೋನಿನಲ್ಲಿದ್ದ. ಕಿವಿಯಿಂದ ಫೋನು ತೆಗೆಯದೆ, ಉಂಗುರವನ್ನು ಕಾರ್ಖಾನೆಯ ಕಿಂಡಿಯೊಳಗೆ ತಳ್ಳಿ ಹೇಳಿದ:

"ಪ್ಯಾಸ್ಕಲ್, ಈ ಪಚ್ಚೆ ಸ್ವಲ್ಪ ಕ್ಲೀನ್ ಮಾಡ್ಬಿಡಿ. ಬೇಗ."

ಜೀವಮಾನದಲ್ಲಿ ಒಂದು ಸಲ ಆ ಮನುಷ್ಯ ಪಚ್ಚೆಯನ್ನು ಪಚ್ಚೆ ಎಂದು ಕರೆದಿದ್ದ. ಅಷ್ಟು ಹೊತ್ತಿಗೆ ಆ ಪದಕ್ಕೆ ಜೀವ ಉಳಿದಿರಲಿಲ್ಲ.

ಕಾರ್ಖಾನೆಯಲ್ಲಿ ಒಡವೆ ತೊಳೆಯುವ ಮಿಷನ್ ಇದೆ. ಸಾಬೂನು ನೀರಿನ ಸಣ್ಣ ತೊಟ್ಟಿ. ಸ್ವಿಚ್ ಒತ್ತಿದರೆ ನೀರು ಕಣ್ಣಿಗೆ ಕಾಣದಂತೆ ನಡುಗಿ ಸಂದುಗೊಂದಿನ ಕೊಳೆಯನ್ನೆಲ್ಲ ಹೊರಗೆ ದಬ್ಬುತ್ತದೆ. ಸಾವೊರೈಟಿಗೆ ಅದರಿಂದ ಏನೂ ಆಗದು. ನಿಜವಾದ ಪಚ್ಚೆಯನ್ನು ಅದರಲ್ಲಿ ಹಾಕುವುದೆಂದರೆ ಹಸುಗೂಸನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕಿದ ಹಾಗೆ. ಪ್ಯಾಸ್ಕಲ್ ಪೊರೆಯನ್ನು ಉಗುರಿನಲ್ಲಿ ಒಂದು ಸಲ ಕೆರೆದ, ಕೆಳಗೆ ಹಸಿರು ಕಂಡಿತು, ಹಾಕಿದ. ಭೂತಗನ್ನಡಿ ಪಕ್ಕದಲ್ಲೇ ಇತ್ತು, ತೆಗೆದುಕೊಳ್ಳಲಿಲ್ಲ. ಅವನು ತಪ್ಪು ಮಾಡಲಿಲ್ಲ ಎಂದು ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಮಾಡಿದ. ನೋಡದೆ ಹಾಕಿದ. ಅವನ ತಪ್ಪು ಅಷ್ಟೇ, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚಿಲ್ಲ.

ತೊಟ್ಟಿಯಿಂದ ಇಕ್ಕಳದಲ್ಲಿ ಎತ್ತಿದವನು ಡೇವಿಡ್. ಬೆಳಕಿಗೆ ಹಿಡಿದ. ಕಲ್ಲಿನೊಳಗೆಲ್ಲ ಬಿಳಿ ಬಿಳಿ ನರಗಳು, ಒಡೆದ ಕಾರಿನ ಗಾಜಿನ ಹಾಗೆ.

"ಪ್ಯಾಸ್ಕಲ್, ನಿನ್ನ ಪಚ್ಚೆಗೆ ವಯಸ್ಸಾಯ್ತು" ಎಂದು ಸ್ವಾಹಿಲಿಯಲ್ಲಿ ನಕ್ಕ.

ಪ್ಯಾಸ್ಕಲ್ ನೋಡಿದ. ಆಗ ಭೂತಗನ್ನಡಿ ತೆಗೆದುಕೊಂಡ. ಜೈಪುರದಲ್ಲಿ ಕಂಡದ್ದೆಲ್ಲ ಆ ಕಲ್ಲಿನೊಳಗೆ ಇತ್ತು. ಇದು ನಿಜವಾದ ಪಚ್ಚೆ. ಹೊಟ್ಟೆ ತುಂಬ ಎಣ್ಣೆ ಕುಡಿದ ಪಚ್ಚೆ. ಈಗ ಅದು ಆ ಎಣ್ಣೆಯನ್ನು ತೊಟ್ಟಿಯಲ್ಲಿ ಕಕ್ಕಿಬಿಟ್ಟಿತ್ತು.

ಮತ್ತೆ ಎಣ್ಣೆ ಕುಡಿಸಬಹುದಿತ್ತು. ಒಂದೆರಡು ದಿನ ಬೇಕು, ಅಷ್ಟೇ. ಅದನ್ನು ಹೇಳಬೇಕೆಂದು ಅವನು ಕಿಂಡಿಯತ್ತ ತಿರುಗುವಷ್ಟರಲ್ಲಿ ರಾಮಚಂದ್ರನ ಕೈ ಒಳಗೆ ಬಂತು. "ಆಯ್ತಾ? ಕೊಡಿ, ಕೊಡಿ, ಮೇಡಂ ಬಂದ್ರು." ನೋಡದೆಯೇ ತೆಗೆದುಕೊಂಡು ನೋಡದೆಯೇ ಕೊಟ್ಟ.

ಲವೀನಾ ಬೆರಳಿಗೆ ಹಾಕಿಕೊಳ್ಳಲಿಲ್ಲ. "ಇದು ನನ್ನ ಸ್ಟೋನ್ ಅಲ್ಲ" ಎಂದಳು.

ಪ್ಯಾಸ್ಕಲ್ ಬಾಗಿಲು ತೆರೆದು ಮುಂದಿನ ಕೋಣೆಗೆ ಬಂದಿದ್ದ. ರಾಮಚಂದ್ರ ಕಲ್ಲನ್ನು ನೋಡಿದ. ಅವನೂ ನಗರ್ತಪೇಟೆಯವನು, ಒಂದೇ ನೋಟಕ್ಕೆ ಅವನಿಗೆ ಎಲ್ಲ ತಿಳಿಯಿತು. ಆಮೇಲೆ ಪ್ಯಾಸ್ಕಲ್‌ನನ್ನು ನೋಡಿದ. ಆ ಒಂದು ಕ್ಷಣದಲ್ಲಿ ಅವನು ಏನು ಬೇಕಾದರೂ ಹೇಳಬಹುದಿತ್ತು. ಮೇಡಂ, ಇದು ನಿಮ್ಮದೇ ಕಲ್ಲು, ತೊಳೆಯುವಾಗ ಎಣ್ಣೆ ಹೋಗಿದೆ, ಸರಿ ಮಾಡಿ ಕೊಡುತ್ತೇನೆ. ಇಷ್ಟೇ ಮಾತು. ಆದರೆ ಎಣ್ಣೆ ಹೋಗಿದೆ ಎಂದರೆ ಎಣ್ಣೆ ಇತ್ತು ಎಂದಾಗುತ್ತದೆ.

"ಪ್ಯಾಸ್ಕಲ್," ಎಂದ ರಾಮಚಂದ್ರ, ತುಂಬ ಮೃದುವಾಗಿ, "ಮೇಡಂ ಕಲ್ಲು ಎಲ್ಲಿ?"

ಪ್ಯಾಸ್ಕಲ್‌ಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದೇ ಸಾರ್. ಅದುವೇ ಅವರ ಕಲ್ಲು. ಮಿಷನಿಗೆ ಹಾಕಿದ್ದು ನಾನು, ನನಗೆ ಗೊತ್ತಾಗ್ಲಿಲ್ಲ. ಎಣ್ಣೆ ಹೋಗಿದೆ."

"ಯಾವ ಎಣ್ಣೆ? ಇದ್ರಲ್ಲಿ ಎಣ್ಣೇನೇ ಇರ್ಲಿಲ್ವಲ್ರೀ. ಮೇಡಂ, ನಾನೇ ಹೇಳಿದ್ನಲ್ಲ ಅವತ್ತು."

"ಹೇಳಿದ್ರಿ," ಎಂದಳು ಲವೀನಾ. ಕಾರ್ಖಾನೆಯ ತೆರೆದ ಬಾಗಿಲಿನತ್ತ ಗಲ್ಲ ಎತ್ತಿದಳು. ಅಲ್ಲಿ ಡೇವಿಡ್ ಇನ್ನೂ ಇಕ್ಕಳ ಹಿಡಿದು ನಿಂತಿದ್ದ. "ಅವನು ಎಷ್ಟು ದಿನದಿಂದ ಇದ್ದಾನೆ ಇಲ್ಲಿ?"

ನಮ್ಮವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅದಕ್ಕೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಉಂಗುರವನ್ನು ಲವೀನಾ ತನ್ನ ಪರ್ಸಿಗೆ ಹಾಕಿಕೊಂಡಳು, ಸಾಕ್ಷಿಗೆ ಇರಲಿ ಎಂದು. ಒಂದು ವಾರದಲ್ಲಿ ತನ್ನ ಕಲ್ಲು ಬರದಿದ್ದರೆ ಪೊಲೀಸ್ ಎಂದಳು. ಅವಳು ಹೋದ ಮೇಲೆ ರಾಮಚಂದ್ರ ಚಹಾ ತರಿಸಿದ. ಪ್ಯಾಸ್ಕಲ್‌ಗೆ ಕುರ್ಚಿ ಕೊಟ್ಟ. ಅಷ್ಟು ವರ್ಷಗಳಲ್ಲಿ ಗಿರಾಕಿಗಳ ಕುರ್ಚಿಯಲ್ಲಿ ಅವನು ಕೂತದ್ದು ಅದೇ ಮೊದಲು.

"ನೋಡಿ ಪ್ಯಾಸ್ಕಲ್, ನನಗೆ ಗೊತ್ತು ನೀವು ಅಂಥೋರಲ್ಲ ಅಂತ."

"ಹಾಗಾದ್ರೆ ಅವರಿಗೆ ಹೇಳಿ ಸಾರ್."

"ಹೇಳಿದ್ರೆ ನಾನು ಎಂಥಾ ಕಲ್ಲು ಮಾರಿದೆ ಅಂತಲೂ ಹೇಳ್ಬೇಕಾಗುತ್ತೆ. ಆಮೇಲೆ ಈ ಊರಲ್ಲಿ ಕೊಂಡೋರೆಲ್ಲ ಕ್ಯೂ ನಿಲ್ತಾರೆ. ಅಂಗಡೀನೇ ಇಲ್ಲ ಅಂದ್ಮೇಲೆ ನಿಮ್ಮ ಪರ್ಮಿಟ್ಟಿಗೆ ಯಾರ್ರೀ ಸಹಿ ಹಾಕೋದು?" ಚಹಾ ಊದಿ ಕುಡಿದ. "ಅವರೇ ದಾರಿ ತೋರಿಸಿದ್ರಲ್ಲ. ಡೇವಿಡ್ ಅಂತ ಒಂದು ಮಾತು ಹೇಳ್ಬಿಡಿ. ಮುಗಿದೋಯ್ತು."

ಪ್ಯಾಸ್ಕಲ್ ಚಹಾ ಮುಟ್ಟಲಿಲ್ಲ. ಎದ್ದು ಹಿಂದಿನ ಕೋಣೆಗೆ ಹೋದ.

ಅವನಿಗೆ ಬೇಕಾಗಿದ್ದುದು ಒಂದೇ. ಲವೀನಾ ಬಾಯಿ ಆ ಕಲ್ಲನ್ನು ನೋಡಿ, ಹೌದು, ಇದು ನನ್ನದೇ ಎನ್ನಬೇಕು. ಹಾಗಂದರೆ ಕಳ್ಳನೇ ಇಲ್ಲ. ಡೇವಿಡ್ ಇಲ್ಲ, ಇವನಿಲ್ಲ, ಪೊಲೀಸರಿಲ್ಲ.

ಎಂಬಕಸಿಯ ಮನೆಯಲ್ಲಿ ಸೆಲಿನ್ ಎಲ್ಲ ಕೇಳಿಸಿಕೊಂಡಳು. ಸಾನ್ನಾಂ ಎಂಬ ಅಕ್ಕಿಯ ಇಡ್ಲಿ ಬೇಯಿಸಿ ಇಗರ್ಜಿಯವರ ಮನೆಗಳಿಗೆ ಕಳಿಸುವುದು ಅವಳ ಉದ್ಯೋಗ. ಸುದ್ದಿ ಅವಳಿಗಿಂತ ಮುಂಚೆ ಆ ಮನೆಗಳನ್ನು ಮುಟ್ಟಿತ್ತು. ಭಾನುವಾರದ ಆರ್ಡರುಗಳು ಒಂದೊಂದಾಗಿ, ಬಹಳ ವಿನಯದಿಂದ, ಬೇಡವಾದವು. ಕೊಂಕಣಿ ಪೂಜೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಮಹನೀಯ ಬರೆದಿದ್ದ, ಎಣ್ಣೆ ಹಾಕಿದ್ದು ಕಲ್ಲೋ ಪ್ಯಾಸ್ಕಲೋ ಎಂದು. ಅದಕ್ಕೆ ನಗುವ ಮುಖಗಳ ಸಾಲು. ಪ್ಯಾಸ್ಕಲ್ ಹಬ್ಬಕ್ಕೆ ಒಂದು ಗ್ಲಾಸು ಕುಡಿದರೆ ಹೆಚ್ಚು.

"ಅವರು ಹೇಳಿದ ಹಾಗೆ ಹೇಳಿಬಿಡಿ," ಎಂದಳು ಸೆಲಿನ್.

"ಎಂತ?"

"ಡೇವಿಡ್ ಅಂತ." ಅವಳು ಗಂಡನ ಮುಖ ನೋಡದೆ ಪಾತ್ರೆ ಒರೆಸುತ್ತಿದ್ದಳು. "ಅವನಿಗೆ ಮಚಾಕೋಸಿನಲ್ಲಿ ಊರುಂಟು, ಅಣ್ಣತಮ್ಮಂದಿರು ಉಂಟು. ನಮಗೆ ಎಂತ ಉಂಟು? ಇವಳನ್ನು ಈ ವರ್ಷ ಶಾಲೆ ಬಿಡಿಸಿ ಎಲ್ಲಿಗೆ ಕರ್ಕೊಂಡು ಹೋಗುದು?"

"ಅವನನ್ನು ಪೊಲೀಸರು ಹಿಡಿದ್ರೆ ಎಂತ ಮಾಡ್ತಾರೆ ಗೊತ್ತುಂಟಾ ನಿನಗೆ? ನಿನ್ನ ಮೀನುಸಾರಿಗೆ ಉಗಾಲಿ ಮುದ್ದೆ ಅದ್ದಿ ತಿಂದವನು ಅವನು."

"ಗೊತ್ತುಂಟು. ಅದಕ್ಕೇ ಹೇಳುವಾಗ ನಿಮ್ಮ ಮುಖ ನೋಡ್ಲಿಲ್ಲ."

ಒರೆಸಿದ ಪಾತ್ರೆಯನ್ನು ಬೋರಲು ಹಾಕಿ, "ನಾನು ಹಾಗೆ ಹೇಳಿದೆ ಅಂತ ಜೊಯ್ಲಿನ್‌ಗೆ ಹೇಳ್ಬೇಡಿ" ಎಂದಳು. ಜೊಯ್ಲಿನ್ ಪಕ್ಕದ ಕೋಣೆಯಲ್ಲಿ ಪುಸ್ತಕ ತೆರೆದು ಕೂತಿದ್ದಳು. ಆ ಮನೆಯ ಗೋಡೆಗಳು ಎಷ್ಟು ತೆಳ್ಳಗೆಂದರೆ ನೆರೆಯವರು ಸೀನಿದರೂ ಕೇಳುತ್ತದೆ.

ಶನಿವಾರ ಗಂಡಹೆಂಡಿರು ಮುಥೈಗಾಕ್ಕೆ ಹೊರಟರು. ಸೆಲಿನ್ ಕೈಚೀಲದಲ್ಲಿ ಮನೆಯ ತೆಂಗಿನೆಣ್ಣೆಯ ಬಾಟಲಿ ಇಟ್ಟುಕೊಂಡಳು. ಥೀಕಾ ರಸ್ತೆಯಲ್ಲಿ ಮಟಾಟು ವ್ಯಾನಿನಿಂದ ಇಳಿದು, ಎತ್ತರದ ಬೇಲಿಗಳ ಪಕ್ಕದಲ್ಲಿ ನಡೆದರು. ಆ ರಸ್ತೆಗಳಲ್ಲಿ ನಡೆಯುವವರು ಕೆಲಸದವರು ಮಾತ್ರ. ಕಾವಲುಗಾರ ಇವರನ್ನು ಗೇಟಿನಲ್ಲಿ ಬಹಳ ಹೊತ್ತು ನಿಲ್ಲಿಸಿದ. ಸೆಲಿನ್ ಬಂದಿದ್ದಾಳೆಂದು ಲವೀನಾ ಒಳಗೆ ಬಿಟ್ಟಳು. ಹಿತ್ತಲ ವರಾಂಡದಲ್ಲಿ ಕೂರಿಸಿದಳು.

"ಒಂದು ಬಟ್ಟಲು ಬಿಸಿನೀರು ಕೊಡಿ ಬಾಯೆ, ಉಂಗುರ ಕೊಡಿ," ಎಂದ ಪ್ಯಾಸ್ಕಲ್. "ನಿಮ್ಮ ಕಣ್ಣ ಮುಂದೆಯೇ ತೋರಿಸ್ತೇನೆ. ಅದು ನಿಮ್ಮದೇ ಕಲ್ಲು."

ಲವೀನಾ ಎರಡನ್ನೂ ತರಿಸಿ ಕೊಟ್ಟಳು. ಪ್ಯಾಸ್ಕಲ್ ಬಟ್ಟಲಿನ ಮೇಲೆ ಚಮಚ ಹಿಡಿದು, ಅದರಲ್ಲಿ ಉಂಗುರವಿಟ್ಟು, ತೆಂಗಿನೆಣ್ಣೆ ತೊಟ್ಟಿಕ್ಕಿಸಿ ಕಾದ. ತೆಂಗಿನೆಣ್ಣೆ ಈ ಕೆಲಸಕ್ಕೆ ಸರಿಯಾದದ್ದಲ್ಲ. ಆದರೂ ಬೆಚ್ಚಗಾದ ಹಾಗೆ ಅದು ಬಿರುಕುಗಳೊಳಗೆ ಇಳಿಯಿತು. ಬಿಳಿ ನರಗಳು ಒಂದೊಂದಾಗಿ ಮಾಯವಾದವು. ಎಲ್ಲ ಹೋಗಲಿಲ್ಲ, ಮುಕ್ಕಾಲು ಹೋದವು. ಚಮಚದೊಳಗೆ ಕಲ್ಲು ಹಸಿರಾಗಿ ಉಸಿರಾಡಿತು. ಸೆಲಿನ್ ಶಿಲುಬೆಯ ಗುರುತು ಮಾಡಿಕೊಂಡಳು.

"ನೋಡಿ ಬಾಯೆ. ಇದೇ ಅಲ್ವಾ?"

ಲವೀನಾ ಬಗ್ಗಿ ನೋಡಿದಳು. ಅವಳ ಮುಖದಲ್ಲಿ ಒಂದು ಗಳಿಗೆ ಗುರುತು ಹತ್ತಿದ ಬೆಳಕು ಬಂತು. ಬಂದದ್ದು ಸುಳ್ಳಲ್ಲ, ಸೆಲಿನ್ ನೋಡಿದ್ದಾಳೆ. ಆಮೇಲೆ ಅದು ಆರಿತು. ಯಾಕೆ ಆರಿತು ಎಂದರೆ, ಇದು ಅವಳದೇ ಕಲ್ಲಾದರೆ ಅವಳು ಇಷ್ಟು ವರ್ಷ ನೆಂಟರಿಷ್ಟರ ಮುಂದೆಲ್ಲ ಬೆರಳು ತಿರುಗಿಸಿ ತಿರುಗಿಸಿ ತೋರಿಸಿದ್ದು ಎಣ್ಣೆ ಹಚ್ಚಿದ ಬಿರುಕುಗಲ್ಲು ಎಂದಾಗುತ್ತದೆ. ಇಂಟರ್‌ನೆಟ್ ಓದಿ, ಚೌಕಾಸಿ ಮಾಡಿ, ಮೋಸಹೋದವಳು ಎಂದಾಗುತ್ತದೆ. ಕಳ್ಳನೊಬ್ಬ ಇದ್ದರೆ ಅವಳ ಕಲ್ಲು ಚೊಕ್ಕವಾಗಿಯೇ ಉಳಿಯುತ್ತದೆ. ಮಾರಿದವನಿಗೂ ಕಳ್ಳ ಬೇಕಿತ್ತು, ಕೊಂಡವಳಿಗೂ ಕಳ್ಳ ಬೇಕಿತ್ತು. ಇಬ್ಬರ ಮರ್ಯಾದೆಯೂ ಒಬ್ಬ ಕೂಲಿಯವನ ಕುತ್ತಿಗೆಯ ಮೇಲೆ ನಿಂತಿತ್ತು.

"ಓ, ಹೀಗಾ ನೀವು ಮಾಡೋದು?" ಎಂದಳು ಲವೀನಾ. "ಯಾವುದೋ ಪೀಸಿಗೆ ಎಣ್ಣೆ ಹಚ್ಚಿ ಗ್ರೀನ್ ಮಾಡಿಬಿಡೋದಾ? ಅದಕ್ಕೇ ಬಾಟಲಿ ಸಮೇತ ಬಂದಿದ್ದೀರಾ?"

"ಬಾಯೆ, ಹಾಗಲ್ಲ..."

"ಎಷ್ಟು ಜನರಿಗೆ ಹೀಗೆ ಮಾಡಿದ್ದೀರೋ ದೇವರಿಗೇ ಗೊತ್ತು. ಸೆಲಿನ್, ನಿನ್ನನ್ನು ನೋಡಿ ಒಳಗೆ ಬಿಟ್ಟೆ ನಾನು."

ತನ್ನ ನಿರಪರಾಧಿತ್ವವನ್ನು ತೋರಿಸಲು ಒಯ್ದ ಬಾಟಲಿಯೇ ಅವನ ಅಪರಾಧಕ್ಕೆ ಸಾಕ್ಷಿಯಾಯಿತು. ಹೊರಗೆ ಬಂದ ಮೇಲೆ ಸೆಲಿನ್ ಕೇಳಿದಳು, ಬಾಟಲಿ ಎಲ್ಲಿ ಎಂದು. ಅಲ್ಲೇ ಬಿಟ್ಟು ಬಂದಿದ್ದರು. ವಾಪಸು ಹೋಗಿ ತರುವ ಮುಖ ಇಬ್ಬರಿಗೂ ಇರಲಿಲ್ಲ.

ಸೋಮವಾರ ಅಂಗಡಿಗೆ ಹೋದವನೇ ಪ್ಯಾಸ್ಕಲ್ ರಾಮಚಂದ್ರನೆದುರು ನಿಂತ. "ಡೇವಿಡ್ ಹೆಸರು ನಾನು ಹೇಳುದಿಲ್ಲ ಸಾರ್."

"ಹಾಗಾದ್ರೆ?"

"ಎಂತ ಮಾಡ್ಬೇಕು ಹೇಳಿ. ಮಾಡ್ತೇನೆ."

ಇಷ್ಟನ್ನೇ ಕಾಯುತ್ತಿದ್ದ ಹಾಗೆ ರಾಮಚಂದ್ರ ಕನ್ನಡಕ ತೆಗೆದಿಟ್ಟ. ಅವನು ಎಲ್ಲ ಯೋಚಿಸಿಯೇ ಇಟ್ಟಿದ್ದ. ಅಂಗಡಿಯ ಮರ್ಯಾದೆಗಾಗಿ ತಾನು ಲವೀನಾ ಮೇಡಮ್ಮಿಗೆ ಸ್ವಂತ ಖರ್ಚಿನಲ್ಲಿ ಬೇರೆ ಪಚ್ಚೆ ಹಾಕಿಸಿಕೊಡುವುದು. ಪ್ಯಾಸ್ಕಲ್ ಅವರ ಮುಂದೆ ಕ್ಷಮೆ ಕೇಳುವುದು. ಪೊಲೀಸ್ ಇಲ್ಲ. ಪರ್ಮಿಟ್ಟಿಗೆ ಸಹಿ. ಕೆಲಸವೂ ಉಂಟು.

"ಬೇರೆ ಪಚ್ಚೆ ಎಲ್ಲಿಂದ ಬರ್ತದೆ ಸಾರ್?"

ರಾಮಚಂದ್ರ ಮೇಜಿನ ಖಾನೆ ಎಳೆದ. ಅವನು ಫೋನಿನಲ್ಲಿ ಮಾತು ಕೊಟ್ಟ ಮೇಲೆ, ಕಲ್ಲು ಬದಲಾಯಿಸಲೆಂದು ಲವೀನಾ ವಾಪಸು ಕಳಿಸಿದ್ದ ಅದೇ ಉಂಗುರ ಅಲ್ಲಿತ್ತು. ತೆಂಗಿನೆಣ್ಣೆಯ ಜಿಡ್ಡು ಇನ್ನೂ ಹೋಗಿರಲಿಲ್ಲ.

"ಜೈಪುರದಲ್ಲಿ ಕಲ್ತಿದ್ದೀರಲ್ಲ. ಚೆನ್ನಾಗಿ ಮಾಡಿ."

ಪ್ಯಾಸ್ಕಲ್ ಮಾಡಿದ. ಚಿನ್ನದ ಹಿಡಿತ ಬಿಚ್ಚಿ ಕಲ್ಲನ್ನು ಹೊರತೆಗೆದ. ಸ್ಪಿರಿಟ್ಟಿನಲ್ಲಿ ತೊಳೆದು, ಒಣಗಿಸಿ, ದೇವದಾರು ಎಣ್ಣೆಯ ಸಣ್ಣ ಗಾಜಿನ ಶೀಷೆಯಲ್ಲಿ ಮುಳುಗಿಸಿ, ಮರಳಿನ ಮೇಲೆ ಹದವಾದ ಶಾಖದಲ್ಲಿ ಇಟ್ಟ. ಶಾಖ ಹೆಚ್ಚಾದರೆ ಒಡೆಯುತ್ತದೆ, ಕಡಿಮೆಯಾದರೆ ಕುಡಿಯುವುದಿಲ್ಲ. ಬೇಕೆಂದೇ ಶಾಖ ಏರಿಸಿ ಒಡೆದುಬಿಡಬಹುದಿತ್ತು. ಆ ಯೋಚನೆ ಅವನಿಗೆ ಬಂದಿತ್ತು ಎಂದು ಸೆಲಿನ್‌ಗೆ ಆಮೇಲೆ ಹೇಳಿದನಂತೆ. ಆದರೆ ಕೈ ಕೇಳಲಿಲ್ಲ, ಅದಕ್ಕೆ ಒಳ್ಳೆಯ ಕೆಲಸ ಮಾತ್ರ ಗೊತ್ತು. ಒಂದೊಂದು ನರವೂ ಮುಚ್ಚಿತು. ತಾನು ಕದಿಯಲಿಲ್ಲ ಎಂಬುದಕ್ಕೆ ಲೋಕದಲ್ಲಿ ಇದ್ದ ಒಂದೇ ಸಾಕ್ಷಿಯನ್ನು ಅವನು ತನ್ನ ಕೈಯಾರೆ ಎಣ್ಣೆಯಲ್ಲಿ ಮುಚ್ಚಿದ.

ಡೇವಿಡ್ ಎಲ್ಲ ನೋಡುತ್ತಿದ್ದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ, ಅವನಿಗೆ ಎಲ್ಲ ತಿಳಿದಿತ್ತು.

"ನಾನು ನೋಡಿದ್ದೇನಲ್ಲ," ಎಂದ, "ನಾನೇ ನೀರಿನಿಂದ ತೆಗೆದದ್ದು. ನಾನು ಹೇಳುತ್ತೇನೆ ಆ ಅಮ್ಮನಿಗೆ."

"ನಿನ್ನ ಮಾತು ಯಾರು ಕೇಳ್ತಾರೆ ಡೇವಿಡ್?"

"ನಿನ್ನ ಮಾತು ಯಾರು ಕೇಳಿದರು?"

ಇಬ್ಬರೂ ನಕ್ಕರು. ಎರಡು ಚಕ್ರಗಳ ನಡುವೆ ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಲವೀನಾ ಬಂದಳು. ಮುಂದಿನ ಕೋಣೆಯಲ್ಲಿ ವೆಲ್ವೆಟ್ ಬಟ್ಟೆಯ ಮೇಲೆ ಉಂಗುರ. ಪ್ಯಾಸ್ಕಲ್ ಕೈಕಟ್ಟಿ ನಿಂತ. ಕದ್ದೆ ಎಂಬ ಮಾತು ತನ್ನ ಬಾಯಿಂದ ಬರದು ಎಂದು ಅವನು ಮೊದಲೇ ನಿಶ್ಚಯಿಸಿದ್ದ. ತಾನು ನಿಜವಾಗಿ ಮಾಡಿದ್ದನ್ನಷ್ಟೇ ಹೇಳಿದ, ಮನೆಯ ಭಾಷೆಯಾದ ಕೊಂಕಣಿಯಲ್ಲಿ:

"ಚೂಕ್ ಜಾಲಿ, ಬಾಯೆ."

ತಪ್ಪಾಯಿತು ಎಂದು ಅದರ ಅರ್ಥ. ನೋಡದೆ ಮಿಷನಿಗೆ ಹಾಕಿದ್ದಕ್ಕೂ ಅದೇ ಮಾತು, ಕದ್ದು ಸಿಕ್ಕಿಬಿದ್ದದ್ದಕ್ಕೂ ಅದೇ ಮಾತು. ಅವನು ಮೊದಲನೆಯದನ್ನು ಹೇಳಿದ. ಅವಳು ಎರಡನೆಯದನ್ನು ಕೇಳಿಸಿಕೊಂಡಳು. ಮಧ್ಯದಲ್ಲಿ ನಿಂತಿದ್ದ ರಾಮಚಂದ್ರನಿಗೆ ಎರಡೂ ಕೇಳಿಸಿತು, ಅವನು ತಲೆ ತಗ್ಗಿಸಿ ಕೌಂಟರಿನ ಗಾಜು ಒರೆಸಿದ.

"ದೇವರು ಕ್ಷಮಿಸ್ತಾನೆ," ಎಂದಳು ಲವೀನಾ. ಉಂಗುರ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. "ಎಷ್ಟು ಚೆನ್ನಾಗಿದೆ. ಥೇಟ್ ನನ್ನ ಹಳೇ ಕಲ್ಲಿನ ಹಾಗೇ ಇದೆ. ಅದೇ ಏನೋ ಅನ್ನಿಸುತ್ತೆ."

"ಹುಡುಕಿ ತರಿಸಿದ್ದು ಮೇಡಂ," ಎಂದ ರಾಮಚಂದ್ರ. "ಒಂದು ತೊಟ್ಟು ಎಣ್ಣೆ ಇಲ್ಲ."

ಪರ್ಮಿಟ್ ಮುಂದುವರಿಯಿತು. ಜೊಯ್ಲಿನ್ ಶಾಲೆಗೆ ಹೋಗುತ್ತಿದ್ದಾಳೆ. ಒಂದು ದಿನ ಊಟದ ನಡುವೆ ಅಪ್ಪನನ್ನು, "ಡ್ಯಾಡಿ, ವೈ ಡಿಡ್ ಯೂ ಸೇ ಸಾರಿ?" ಎಂದು ಕೇಳಿದಳು. ಪ್ಯಾಸ್ಕಲ್ ಮುಳ್ಳು ಬಿಡಿಸಿದ ಮೀನಿನ ತುಂಡನ್ನು ಅವಳ ತಟ್ಟೆಗೆ ಹಾಕಿದ. ಬೇರೆ ಅಂಗಡಿಯಲ್ಲಿ ಅವನಿಗೆ ಇನ್ನು ಕೆಲಸ ಸಿಗದು, ಕಳ್ಳನನ್ನು ಯಾರು ಇಟ್ಟುಕೊಳ್ಳುತ್ತಾರೆ? ಆದ್ದರಿಂದ ರಾಮಚಂದ್ರ ಹೇಳಿದಷ್ಟು ಹೊತ್ತು ದುಡಿಯುತ್ತಾನೆ. ಕೈಕೆಳಗಿನವನ ತಪ್ಪನ್ನು ಕ್ಷಮಿಸಿ ಕೆಲಸದಲ್ಲಿ ಇಟ್ಟುಕೊಂಡ ದೊಡ್ಡ ಮನಸ್ಸು ಎಂದು ಈ ವರ್ಷದ ಯುಗಾದಿಯಲ್ಲಿ ಒಬ್ಬರು ಮೈಕಿನಲ್ಲೇ ಹೇಳಿದರು. ಜನ ಚಪ್ಪಾಳೆ ತಟ್ಟಿದರು.

ಎಣ್ಣೆ ಶಾಶ್ವತವಲ್ಲ. ಬಿಸಿಲಿಗೆ, ಸಾಬೂನಿಗೆ, ಅಡುಗೆಮನೆಯ ಶಾಖಕ್ಕೆ ಅದು ನಿಧಾನವಾಗಿ ಆರುತ್ತದೆ. ಬಿಳಿ ನೂಲುಗಳು ಅಂಚಿನಿಂದ ಮತ್ತೆ ಮೇಲೇಳುತ್ತವೆ. ಅವತ್ತು ಆ ಉಂಗುರ ಮತ್ತೆ ಅಂಗಡಿಗೆ ಬರುತ್ತದೆ, ಕಲ್ಲು ಮತ್ತೆ ಬದಲಾಗಿದೆ ಎಂದು. ಅವತ್ತು ಕಳ್ಳ ಯಾರು ಎಂದು ಯಾರೂ ಹುಡುಕಬೇಕಾಗಿಲ್ಲ, ಒಪ್ಪಿಕೊಂಡವನು ಅಲ್ಲೇ ಕೂತಿದ್ದಾನೆ.

ಕೊಂಕಣಿ ಪೂಜೆಗೆ ಅವರು ಈಗಲೂ ಹೋಗುತ್ತಾರೆ. ಹಿಂದೆ ಕೂರುತ್ತಿದ್ದವನು ಈಗ ಲವೀನಾಳ ಹಿಂದಿನ ಸಾಲಿಗೇ ಬರುತ್ತಾನೆ. ಎಂಥ ಧೈರ್ಯ ನೋಡಿ ಎಂದು ಜನ ಪಿಸುಗುಟ್ಟುತ್ತಾರೆ. ಪ್ರಸಾದ ಪಡೆಯಲು ಅವಳು ಕೈಜೋಡಿಸಿ ಎದ್ದಾಗ ಅವನು ಪೀಠದ ಕಡೆ ನೋಡುವುದಿಲ್ಲ, ಅವಳ ಬೆರಳನ್ನು ನೋಡುತ್ತಾನೆ. ಒಂದು ಕಾಲಕ್ಕೆ ಸತ್ಯ ಹೊರಬರಲಿ ಎಂದು ಮುಥೈಗಾದವರೆಗೆ ಬಾಟಲಿ ಹೊತ್ತು ಹೋದವನು, ಈಗ ಆ ಸುಳ್ಳು ಇನ್ನೊಂದಿಷ್ಟು ಬಾಳಲಿ ಎಂದು ಮೊಣಕಾಲೂರಿ ಬೇಡುತ್ತಾನೆ.

ಸೆಲಿನ್ ಮೊಣಕೈಯಿಂದ ಮೆಲ್ಲಗೆ ತಿವಿಯುತ್ತಾಳೆ.

"ಹೇಗುಂಟು?"

"ಇನ್ನೂ ಹಸಿರುಂಟು," ಎನ್ನುತ್ತಾನೆ ಪ್ಯಾಸ್ಕಲ್.